ಸಹಿ ಹಾಕಿಸಿಕೊಂಡವಳು

ನಾನು ಯಾವ ಆಫೀಸಿನಲ್ಲಿ ಏನು ಕೆಲಸ ಮಾಡುತ್ತೇನೆ ಎಂಬುದು ಕುರುಗೋಡಿನ ನಮ್ಮ ಓಣಿಯಲ್ಲಿ ಇವತ್ತಿಗೂ ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಮ್ಮ ಅತ್ತೆಗೂ ಗೊತ್ತಿಲ್ಲ. "ನೀ ಪೊಲೀಸಾಕಿ ಅಲ್ಲ, ವಕೀಲಾಕಿ ಅಲ್ಲ, ಕೋರ್ಟಿನ್ಯಾಗ ಕುಂದ್ರಾಕಿನೂ ಅಲ್ಲ. ಮಂದಿ ಕೇಳಿದ್ರ ನಾ ಏನಂತ ಹೇಳ್ಲಿ?" ಎಂದು ಆಗಾಗ ಕೇಳುತ್ತಾರೆ. "ಗೊರ್ಮೆಂಟ್ ಕೆಲಸ ಅಂತ ಹೇಳ್ರಿ ಅತ್ತಿ, ಅಷ್ಟು ಸಾಕು" ಎಂದು ನಾನು ಚೀಲ ಹೆಗಲಿಗೆ ಹಾಕಿಕೊಂಡು ಬಳ್ಳಾರಿ ಬಸ್ಸಿಗೆ ಓಡುತ್ತೇನೆ. ಅತ್ತೆ ಬಾಗಿಲಲ್ಲೇ ನಿಂತು, "ಅದೂ ಒಂದು ಕೆಲಸ, ಅದಕ್ಕೂ ಒಂದು ಪಗಾರ" ಎಂದು ಗೊಣಗುವುದು ಬೀದಿಗೂ ಕೇಳುತ್ತದೆ. ಒಂದು ಕಾಲಕ್ಕೆ ಈ ಮಾತಿಗೆ ನಾನು ನಕ್ಕುಬಿಡುತ್ತಿದ್ದೆ. ಈಗ ನಗು ಬರುವುದಿಲ್ಲ.

ನಮ್ಮದು ಅಪರಾಧ ಮತ್ತು ನ್ಯಾಯದ ವಿಷಯದಲ್ಲಿ ಅಧ್ಯಯನ ಮಾಡುವ ರಾಜ್ಯ ಸರ್ಕಾರದ ಕಚೇರಿ. ದೊಡ್ಡ ಕಚೇರಿ ರಾಜಧಾನಿಯಲ್ಲಿದೆ. ಬಳ್ಳಾರಿಯಲ್ಲಿರುವುದು ಅದರ ಒಂದು ಸಣ್ಣ ತುಂಡು. ಹಳೇ ಕಟ್ಟಡವೊಂದರ ಮಹಡಿ ಮೇಲೆ ಮೂರು ಕೋಣೆ, ಬೇಸಿಗೆಯಲ್ಲಿ ಮುಟ್ಟಿದರೆ ಕೈ ಸುಡುವ ಕಬ್ಬಿಣದ ಕಪಾಟು, ಗಾಳಿಗಿಂತ ಸಪ್ಪಳ ಜಾಸ್ತಿ ಮಾಡುವ ಫ್ಯಾನು. ಯಾವ ಜೈಲಿನಲ್ಲಿ ವಿಚಾರಣೆ ಮುಗಿಯದೆ ಎಷ್ಟು ಜನ ಕೊಳೆಯುತ್ತಿದ್ದಾರೆ, ಠಾಣೆಗೆ ಬಂದ ಹೆಂಗಸರನ್ನು ಹೇಗೆ ಮಾತಾಡಿಸುತ್ತಾರೆ, ಕೇಸುಗಳು ಎಲ್ಲಿ ಹಳ್ಳ ಹಿಡಿಯುತ್ತವೆ, ಇಂಥವನ್ನೆಲ್ಲ ನಾವು ತಿರುಗಾಡಿ ಕೇಳಿ, ಬರೆದು, ಮೇಲಕ್ಕೆ ಕಳಿಸುತ್ತೇವೆ. ಮೇಲಿನವರು ಅದನ್ನು ಇನ್ನೂ ಮೇಲಿನವರಿಗೆ ಕಳಿಸುತ್ತಾರೆ. ಇಷ್ಟೇ ಎಂದು ಅಂದುಕೊಳ್ಳಬೇಡಿ. ನಮ್ಮದೊಂದು ವರದಿ ಓದಿ ಯಾರೋ ಪುಣ್ಯಾತ್ಮರು ಒಂದು ಕೋರ್ಟಿನಲ್ಲಿ ಸಾಕ್ಷಿದಾರರಿಗೆಂದು ಬೇರೆ ಕೋಣೆ, ಕುಡಿಯುವ ನೀರು, ಬಾಗಿಲಿಗೆ ಚಿಲಕವಿರುವ ಪಾಯಖಾನೆ ಮಾಡಿಸಿದ್ದರು. ಅದನ್ನು ನೋಡಲೆಂದೇ ಒಂದು ದಿನ ರಜೆ ಹಾಕಿ ಹೋಗಿದ್ದೆ. ಆ ಕೋಣೆಯಲ್ಲಿ ಯಾರೋ ಬಾಣಂತಿ ಕೂಸಿಗೆ ಹಾಲು ಕುಡಿಸುತ್ತಾ ಕೂತಿದ್ದಳು. ನನ್ನ ಕೆಲಸದ ಬಗ್ಗೆ ನನಗೆ ಸ್ವಲ್ಪ ಗರ್ವವೇ ಇತ್ತು.

ಆ ವರ್ಷ ನಮಗೆ ಬಂದ ವಿಷಯವೂ ಸಾಕ್ಷಿದಾರರದ್ದೇ. ಕೇಸುಗಳು ಕೋರ್ಟಿಗೆ ಬಂದ ಮೇಲೆ ಸಾಕ್ಷಿಗಳು ಯಾಕೆ ಗಟ್ಟಿಯಾಗಿ ನಿಲ್ಲುವುದಿಲ್ಲ? ಹೆದರಿಕೆಯೋ, ರಾಜಿಯೋ, ದಾರಿ ಖರ್ಚೋ, ಬೇಸರವೋ? ಇನ್ನೂ ಕೋರ್ಟಿನಲ್ಲಿ ಹೇಳಿಕೆ ಕೊಡದ ಸಾಕ್ಷಿದಾರರನ್ನು ಮನೆಯಲ್ಲೇ ಕಂಡು ಮಾತಾಡಿಸಬೇಕು, ಆಮೇಲೆ ಅವರ ಕೇಸು ಏನಾಯಿತೆಂದು ನೋಡಬೇಕು. ಸಿರುಗುಪ್ಪ ತಾಲ್ಲೂಕು ನನ್ನ ಪಾಲಿಗೆ ಬಂತು. ಅಲ್ಲಿಯ ಮಾತು ನನ್ನ ಮಾತೇ, ಅಲ್ಲಿಯ ಊಟ ನನ್ನ ಊಟವೇ. ನನಗಿಂತ ಚೆನ್ನಾಗಿ ಈ ಕೆಲಸ ಯಾರು ಮಾಡುತ್ತಾರೆ ಎಂದು ಮನಸ್ಸಿನಲ್ಲೇ ಬೀಗಿದ್ದೂ ಉಂಟು.

ಹಚ್ಚೊಳ್ಳಿ ಕಡೆಯ ಒಂದು ಹಳ್ಳಿಗೆ ನನ್ನ ಸ್ಕೂಟಿ ಮೇಲೆ ಹೋದೆ. ಭತ್ತದ ನಾಟಿಗೆ ಗದ್ದೆ ಹದ ಮಾಡುತ್ತಿದ್ದರು, ರಸ್ತೆ ತುಂಬ ಟ್ರ್ಯಾಕ್ಟರಿನ ಕೆಸರು. ನಾನು ಹುಡುಕಿಕೊಂಡು ಹೋದದ್ದು ಐವತ್ತರ ಆಸುಪಾಸಿನ ಒಬ್ಬ ಹೆಂಗಸನ್ನು. ಅವತ್ತೇ ಅಕ್ಕ ಎಂದು ಕರೆದುಬಿಟ್ಟೆ, ಇಲ್ಲೂ ಅಕ್ಕ ಎಂದೇ ಬರೆಯುತ್ತೇನೆ. ಅಕ್ಕನ ಗಂಡನನ್ನು ಅವನ ದೊಡ್ಡಪ್ಪನ ಮಗನೇ ಕಾಲುವೆ ತೂಬಿನ ಹತ್ತಿರ ಸಲಿಕೆಯಿಂದ ತಲೆಗೆ ಹೊಡೆದಿದ್ದ. ನೀರಿನ ಪಾಳಿ ಇವರದು, ತೂಬು ತಿರುಗಿಸಿಕೊಂಡವನು ಅವನು. ಗಂಡ ಉಳಿದ, ಆದರೆ ಮಾತು ಹೋಯಿತು, ಬಲಗೈ ಬಲಗಾಲು ಹೋದವು. ಹೊಡೆದದ್ದನ್ನು ಕಣ್ಣಾರೆ ಕಂಡು ಹೇಳಲು ಒಪ್ಪಿದವಳು ಬುತ್ತಿ ತಂದಿದ್ದ ಅಕ್ಕ ಒಬ್ಬಳೇ. ಪಕ್ಕದ ಗದ್ದೆಯವರು ನಾವು ಆ ಕಡೆ ಮುಖ ಮಾಡಿದ್ದೆವು ಎಂದುಬಿಟ್ಟಿದ್ದರು. ಠಾಣೆಗೆ ದೂರು ಕೊಟ್ಟ ಅಕ್ಕನ ತಮ್ಮ ಆ ಹೊತ್ತಿಗೆ ಅಲ್ಲಿರಲೇ ಇಲ್ಲ.

ಮನೆಯೊಳಗೆ ಕಾಲಿಟ್ಟ ಕೂಡಲೇ ನೀರು ಕೊಟ್ಟಳು. ನೀರು ಕುಡಿಯುವಷ್ಟರಲ್ಲಿ ತಾಟು ಬಂತು. ಊಟ ಆಗಿದೆ ಎಂದರೂ ಬಿಡಲಿಲ್ಲ. ಗಂಡ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ನಾನು ರೊಟ್ಟಿ ಮುರಿಯುವುದನ್ನೇ ನೋಡುತ್ತಾ ಏನೋ ಸದ್ದು ಮಾಡಿದ. "ಅಗಸಿ ಚಟ್ನಿ ಹಾಕು ಅನ್ನಾಕತ್ತಾರ" ಎಂದು ಅಕ್ಕ ಅರ್ಥ ಹೇಳಿ ಚಟ್ನಿ ಬಡಿಸಿದಳು. ಆ ಸದ್ದು ನನಗೆ ಬರೀ ಸದ್ದಾಗಿಯೇ ಕೇಳಿತ್ತು.

ಊಟವಾದ ಮೇಲೆ ಅಕ್ಕ ಮಾತಾಡಿದಳು. ಮಧ್ಯಾಹ್ನ ಇಳಿಯುವವರೆಗೂ ಮಾತಾಡಿದಳು. ಪಾಳಿ ಯಾವತ್ತಿನಿಂದ ಇವರದಿತ್ತು, ತೂಬಿನ ಹತ್ತಿರ ಯಾರು ಮೊದಲು ಬಾಯಿ ಮಾಡಿದರು, ಸಲಿಕೆ ಎತ್ತಿದ್ದು, ಬಿದ್ದದ್ದು, ಬುತ್ತಿ ಕೈಯಿಂದ ಜಾರಿ ನೀರಿಗೆ ಹೋದದ್ದು. ಆದರೆ ಆಕೆಯ ಹೊಟ್ಟೆ ಉರಿಯುತ್ತಿದ್ದದ್ದು ಪೆಟ್ಟಿಗಿಂತ ಹೆಚ್ಚಾಗಿ ಆಮೇಲೆ ಹುಟ್ಟಿದ ಮಾತಿಗೆ. "ಊರಾಗ ಏನಂತಾರ ಗೊತ್ತೇನ್ರಿ? ಕುಡದು ಕಾಲುವಿ ದಂಡಿ ಮ್ಯಾಲಿಂದ ಬಿದ್ದ ಅಂತಾರ್ರಿ. ಇವರು ಜನ್ಮಕ್ಕ ಒಂದು ಹನಿ ಬಾಯಿಗಿ ಮುಟ್ಟಿಸಿದೋರಲ್ಲ. ಕೈಕಾಲು ಹೋದ್ರ ಹೋಗ್ಲಿ ಮೇಡಮ್ಮಾ, ಕುಡುಕ ಅನ್ನೋ ಹೆಸರು ಹೋಗಬೇಕು. ಅವ ಹೊಡದಾನ ಅಂತ ಕೋರ್ಟಿನ್ಯಾಗ ಒಂದು ಸಲ ಹೇಳಿಸಿಬಿಡಬೇಕು, ಅಷ್ಟ ನಂದು." ಮಂಚದ ಮೇಲಿನ ಗಂಡನ ಕಣ್ಣಲ್ಲಿ ನೀರು ತುಂಬಿತ್ತು. ನನ್ನ ಕಣ್ಣೂ ತುಂಬಿತ್ತು. ನನ್ನ ಫೋನು ನೆಲದ ಮೇಲೆ ಕೂತು ಎಲ್ಲವನ್ನೂ ದಾಖಲು ಮಾಡಿಕೊಳ್ಳುತ್ತಿತ್ತು.

ಈಗ ನಮ್ಮ ಕೆಲಸದ ಒಂದು ಪದ್ಧತಿ ಹೇಳಬೇಕು. ಸಂದರ್ಶನಕ್ಕೆ ಒಪ್ಪಿಗೆ ಪತ್ರ ಓದಿ ಹೇಳಿ ಸಹಿ ಹಾಕಿಸಿಕೊಳ್ಳಬೇಕು. ಮೊದಲೇ ಹಾಕಿಸಿಕೊಳ್ಳಬೇಕೆಂಬುದು ನಿಯಮ, ಆದರೆ ಮೊದಲೇ ಕಾಗದ ತೆಗೆದರೆ ಮಂದಿ ಬಾಯಿ ಬಿಗಿದುಕೊಳ್ಳುತ್ತಾರೆಂದು ನಾವೆಲ್ಲ ಕೊನೆಗೆ ಹಾಕಿಸಿಕೊಳ್ಳುವುದು ರೂಢಿ. ಅದರಲ್ಲಿ ಒಂದು ಸಾಲಿದೆ: ಸದರಿ ಸಂದರ್ಶನವು ಅಧ್ಯಯನದ ಉದ್ದೇಶಕ್ಕೆ ಮಾತ್ರ ಸೀಮಿತವಾಗಿದ್ದು, ಪ್ರಕರಣದ ವಿಚಾರಣಾ ಪ್ರಕ್ರಿಯೆಗೂ ಇದಕ್ಕೂ ಯಾವುದೇ ಸಂಬಂಧವಿರುವುದಿಲ್ಲ. ಅದನ್ನು ನಾನು ಮಂತ್ರ ಹೇಳುವ ಹಾಗೆ ಗಡಗಡ ಓದಿದೆ. ಸಿರುಗುಪ್ಪದ ರಸ್ತೆ ಕೆಟ್ಟದ್ದು, ಕತ್ತಲಾಗುವುದರೊಳಗೆ ಕುರುಗೋಡು ಮುಟ್ಟಬೇಕೆಂಬ ಅವಸರ ಬೇರೆ. ನಮ್ಮ ಮಾತಿನಲ್ಲಿ "ಯಕ್ಕಾ, ಇದು ಕೋರ್ಟಿಗೆ ಹೋಗಂಗಿಲ್ಲ, ಅಲ್ಲಿ ನೀವು ಮತ್ತ ಹೇಳಬೇಕು" ಎಂದು ಒಂದು ಮಾತು ಅಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಊಟಕ್ಕೆ, ಅಳುವುದಕ್ಕೆ ಎಲ್ಲಾ ನಮ್ಮ ಮಾತು ಇತ್ತು, ಹೇಳಲೇಬೇಕಾದ ಒಂದೇ ಒಂದು ವಿಷಯಕ್ಕೆ ಆಫೀಸಿನ ಮಾತು ಬಂತು.

ಅಕ್ಕ ಸರ್ಕಾರದ ಮುದ್ರೆ ಇದ್ದ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಅದನ್ನು ಮಣೆಯ ಮೇಲಿಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ, ನಾಲಿಗೆ ಕಚ್ಚಿಕೊಂಡು ತನ್ನ ಹೆಸರು ಬರೆದಳು. "ಹೊಟ್ಟಿ ಹಗುರಾತು ನೋಡ್ರಿ" ಎಂದಳು. ನನಗೂ ಖುಷಿಯಾಯಿತು.

ಆಮೇಲೆ ತಿಂಗಳುಗಳು ಕಳೆದವು. ನಾನು ಬೇರೆ ಊರು, ಬೇರೆ ಮನೆ, ಬೇರೆ ರೊಟ್ಟಿ ಎಂದು ತಿರುಗಿದೆ. ಒಂದು ದಿನ ಬಳ್ಳಾರಿ ಆಫೀಸಿನಲ್ಲಿ ಚಹಾ ಕುಡಿಯುತ್ತಾ ಕೂತಾಗ ಅಕ್ಕನ ಫೋನು ಬಂತು.

"ಮೇಡಮ್ಮಾ, ಪೊಲೀಸಿನೋರು ಬಂದಾರ್ರಿ. ವಾರಂಟ್ ಅಂತ. ಕೋರ್ಟಿಗೆ ಯಾಕ ಬರಲಿಲ್ಲ ಅನ್ನಾಕತ್ತಾರ. ನೀವ ಒಂದು ಮಾತು ಹೇಳ್ರಿ ಇವರಿಗೆ, ನಾ ಹೇಳೀನಿ ಅಂತ."

"ಏನು ಹೇಳೀರಿ ಯಕ್ಕಾ?"

"ಸಾಕ್ಷಿ. ನಿಮ್ಮ ಮುಂದ ಹೇಳೀನಲ್ರಿ. ಸಹಿ ಸುದ್ದಾ ಮಾಡೀನಲ್ಲ."

ಚಹಾ ಕೆಳಗಿಟ್ಟೆ. ಪೊಲೀಸರಿಗೆ ಫೋನು ಕೊಡಲು ಹೇಳಿ, ಮುಂದಿನ ತಾರೀಖಿಗೆ ಖಂಡಿತ ಬರುತ್ತಾರೆ ಎಂದೆ. ಆ ಪೇದೆ ಒಳ್ಳೆಯವನು. "ಸಮನ್ಸ್ ಕೊಟ್ಟಾಗನೂ ಇದನ್ನ ಹೇಳಿದ್ರು ಮೇಡಂ. ಯಾರೋ ಮೇಡಂ ಬಂದು ಬರಕೊಂಡು ಹೋಗ್ಯಾರ, ಸಹಿನೂ ಆಗೈತಿ ಅಂತ. ನಾವು ಕಾನೂನು ನೆರವಿನೋರು ಇರಬೇಕು ಅನ್ಕೊಂಡ್ವಿ" ಎಂದ.

ಆಗ ನನಗೆ ಎಲ್ಲ ತಿಳಿಯಿತು. ಪೊಲೀಸರು ಸಾಕ್ಷಿಯ ಹೇಳಿಕೆ ಬರೆದುಕೊಂಡರೆ ಅದಕ್ಕೆ ಸಹಿ ಹಾಕಿಸಿಕೊಳ್ಳುವ ಹಾಗಿಲ್ಲ, ಕಾನೂನೇ ಹಾಗಿದೆ. ಕೇಸು ಆದಾಗ ಪೊಲೀಸರು ಅಕ್ಕನ ಮಾತು ಬರೆದುಕೊಂಡು, ಸಹಿ ಬೇಡ ಎಂದು ಹೋಗಿದ್ದರು. ಅದು ಬರೀ ಪಂಚಾಯಿತಿ ಮಾತು, ಲೆಕ್ಕಕ್ಕಿಲ್ಲ ಎಂದು ಅಕ್ಕ ತಿಳಿದಳು. ಆಮೇಲೆ ನಾನು ಹೋದೆ, ಮುದ್ರೆ ಇದ್ದ ಕಾಗದ ತೆಗೆದೆ, ಫೋನಿನಲ್ಲಿ ಹಿಡಿದುಕೊಂಡೆ, ಸಹಿ ಹಾಕಿಸಿಕೊಂಡೆ. ಯಾವುದು ನಿಜವಾದ ಸಾಕ್ಷಿ ಎಂದು ಯಾರನ್ನು ಕೇಳಿದರೂ ನನ್ನದನ್ನೇ ತೋರಿಸುತ್ತಿದ್ದರು. ಕೋರ್ಟಿಗೆ ಕರೆದ ದಿನ ಎರಡನೇ ಬೆಳೆಯ ನಾಟಿ ಇತ್ತು, ಗಂಡನನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಹೇಗೂ ಹೇಳಿಯಾಗಿದೆ ಎಂದು ಅಕ್ಕ ಗದ್ದೆಗೆ ಹೋಗಿದ್ದಳು.

ಸಾಕ್ಷಿಗಳು ಯಾಕೆ ಕೋರ್ಟಿಗೆ ಬರುವುದಿಲ್ಲ ಎಂದು ಹುಡುಕಲು ಹೋದವಳೇ ಒಬ್ಬ ಸಾಕ್ಷಿ ಬಾರದಂತೆ ಮಾಡಿದ್ದೆ. ತಲೆ ಮೇಲೆ ಕೈ ಹೊತ್ತು ಕೂತೆ.

ನಮ್ಮ ಮುಖ್ಯಸ್ಥರು ಮೈಸೂರು ಕಡೆಯವರು, ಸಾಧು ಮನುಷ್ಯ. ಅವರ ಮುಂದೆ ಹೋಗಿ ಹೇಳಿದೆ. ಕನ್ನಡಕ ತೆಗೆದು ಒರೆಸಿಕೊಂಡು, "ನೋಡಿ ಮೇಡಂ, ತಪ್ಪು ತಿಳುವಳಿಕೆ ಆಗಿದೆ, ನಿಮ್ಮ ತಪ್ಪಲ್ಲ. ಒಪ್ಪಿಗೆ ಪತ್ರದಲ್ಲಿ ಎಲ್ಲಾ ಬರೆದಿದೆ. ಫೋನಲ್ಲಿ ಹೇಳಿದ್ದೀರಲ್ಲ, ಅಷ್ಟು ಸಾಕು. ನೀವು ಅಲ್ಲಿಗೆ ಹೋಗಬೇಡಿ. ನಾವು ನೋಡೋರು ಕಣ್ರೀ, ಕೈ ಹಾಕೋರಲ್ಲ. ಕೈ ಹಾಕಿದ್ರೆ ಅಧ್ಯಯನವೂ ಕೆಡುತ್ತೆ, ಕೇಸೂ ಕೆಡುತ್ತೆ" ಎಂದರು. ಅಧ್ಯಯನದ ಚಿಂತೆ ಇವರಿಗೆ ಎಂದು ನನಗೆ ಮೈಯೆಲ್ಲ ಉರಿಯಿತು. ಎದುರುತ್ತರ ಕೊಡದೆ ಹೊರಗೆ ಬಂದೆ. ಕೊಡದಿದ್ದದ್ದೇ ಒಳ್ಳೆಯದಾಯಿತು, ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ.

ಮರುದಿನ ರಜೆ ಹಾಕಿ ಅಕ್ಕನ ಮನೆಗೆ ಹೋದೆ. ಈ ಸಲ ಕಾಗದವಿಲ್ಲ, ಫೋನು ಚೀಲದೊಳಗೆ. ನೀರು ಕುಡಿದವಳೇ ಹೇಳಿದೆ, ನಮ್ಮ ಮಾತಿನಲ್ಲೇ ಹೇಳಿದೆ. ನನ್ನ ಮುಂದೆ ಹೇಳಿದ್ದು ಕೋರ್ಟಿನ ಲೆಕ್ಕಕ್ಕೆ ಬರುವುದಿಲ್ಲ, ಅಲ್ಲಿ ನಿಂತು ಮೊದಲಿನಿಂದ ಹೇಳಬೇಕು, ಅವನ ಎದುರಿಗೇ ಹೇಳಬೇಕು ಎಂದೆ.

ಅಕ್ಕನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಹಗುರಾಗುತ್ತಿತ್ತು. ಸೆರಗಿನ ಅಂಚು ತಿರುವುತ್ತಾ ಕೇಳಿದಳು.

"ಮತ್ತ ನಾ ಹೇಳಿದ್ದು ಎಲ್ಲಿಗಿ ಹೋತ್ರಿ?"

"ನಾವು ಒಂದು ವರದಿ ಬರೀತೀವಿ ಯಕ್ಕಾ. ಅದರಾಗ ಬರತೈತಿ."

"ಇವರ ಹೆಸರು ಬರತೈತೇನ್ರಿ?"

"ಇಲ್ಲ. ಹೆಸರು ತಗೀತೀವಿ. ಯಾರ ಹೆಸರೂ ಇರಂಗಿಲ್ಲ."

"ಅವಂದು?"

"ಅವಂದೂ ಇರಂಗಿಲ್ಲ."

"ಊರು?"

"ಊರೂ ಇರಂಗಿಲ್ಲ."

"ಹಂಗಾರ ಏನು ಉಳೀತ್ರಿ ಅದರಾಗ?"

ಜನರನ್ನು ಕಾಪಾಡಲು ಹೆಸರು ತೆಗೆಯುತ್ತೇವೆ ಎಂದು ನಮಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು, ಅದು ಸುಳ್ಳೂ ಅಲ್ಲ. ಆದರೆ ಈ ಹೆಂಗಸು ನನ್ನ ಮುಂದೆ ಅಷ್ಟು ಹೊತ್ತು ಅತ್ತದ್ದೇ ಒಂದು ಹೆಸರನ್ನು ಉಳಿಸಿಕೊಳ್ಳಲು. ಭೂಮಿಗಿಳಿದು ಹೋದರೆ ಸಾಕು ಅನ್ನಿಸಿತು. "ಬರ್ರಿ ಯಕ್ಕಾ ಕೋರ್ಟಿಗೆ, ನಾನ ಕರಕೊಂಡು ಹೋಗ್ತೀನಿ" ಎಂದುಬಿಟ್ಟೆ. ಮಂಚದ ಮೇಲಿಂದ ಗಂಡ ಸದ್ದು ಮಾಡಿದ. ಅಕ್ಕ ಅವನ ಕಡೆ ತಿರುಗಿ, "ಆತು, ಹೋಗತೀನಿ ತಗೋರಿ" ಎಂದಳು.

ತಾರೀಖಿನ ದಿನ ಅಕ್ಕನ ನಾದಿನಿ ಬಂದು ಅಣ್ಣನ ಹತ್ತಿರ ಕೂತಳು. ನಾನು ನಸುಕಿನಲ್ಲೇ ಕುರುಗೋಡು ಬಿಟ್ಟು, ಅಕ್ಕನನ್ನು ಸ್ಕೂಟಿ ಹಿಂದೆ ಕೂರಿಸಿಕೊಂಡು ಸಿರುಗುಪ್ಪಕ್ಕೆ ಬಂದೆ. ಹಾದಿಯುದ್ದಕ್ಕೂ ಅಕ್ಕ ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದಿದ್ದಳು. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಕಣ್ಣಿಗೆ ಹೊಡೆಯುತ್ತಿತ್ತು. ಕೋರ್ಟಿನ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದೆ. ಅಕ್ಕ ಮುಟ್ಟಲಿಲ್ಲ. "ಹೆದರಿಕಿ ಆಗಾಕತ್ತೈತ್ರಿ. ಅಲ್ಲಿ ಏನಂತ ಹೇಳ್ಲಿ?" ಎಂದಳು.

"ಏನೂ ಹೆದರಬ್ಯಾಡ್ರಿ. ನನ್ನ ಮುಂದ ಹೆಂಗ ಹೇಳಿದ್ರಿ, ಹಂಗ ಹೇಳ್ರಿ."

ಇದಕ್ಕಿಂತ ಸರಳವಾದ, ಇದಕ್ಕಿಂತ ಪ್ರಾಮಾಣಿಕವಾದ ಮಾತು ಇನ್ನೊಂದಿದೆಯೇ? ಅಕ್ಕನಿಗೆ ಧೈರ್ಯ ಬಂತು. ಒಗ್ಗರಣಿ ತಿಂದಳು, ಚಹಾ ಕುಡಿದಳು, ಸೆರಗು ತಲೆ ತುಂಬ ಹೊದ್ದುಕೊಂಡು ನನ್ನ ಹಿಂದೆ ಕೋರ್ಟಿಗೆ ನಡೆದಳು.

ಸರ್ಕಾರಿ ವಕೀಲರು ವಯಸ್ಸಾದವರು, ಕೈಯಲ್ಲಿ ಬೆಟ್ಟದಷ್ಟು ಕಡತ. ನನ್ನನ್ನು ನೋಡಿ ಯಾರು ಎಂದು ಕೇಳಿದರು, ಹೇಳಿದೆ. ಹುಬ್ಬು ಗಂಟಿಕ್ಕಿದರು, ಅಷ್ಟರಲ್ಲಿ ಕೇಸು ಕೂಗಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಎದುರಿಗೆ ಕಟಕಟೆಯಲ್ಲಿ ಆ ದೊಡ್ಡಪ್ಪನ ಮಗ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ.

ಅಕ್ಕ ಹೇಳಿದಳು. ಅವತ್ತು ಮನೆಯಲ್ಲಿ ಹೇಳಿದ ಹಾಗೆಯೇ, ಎಲ್ಲೂ ತಡವರಿಸದೆ ಹೇಳಿದಳು. ಸಲಿಕೆ ಎತ್ತಿದವನು ಯಾರು ಎಂದು ಸರ್ಕಾರಿ ವಕೀಲರು ಕೇಳಿದಾಗ ಬೆರಳು ಮಾಡಿ ತೋರಿಸಿದಳು. ಅವನು ತಲೆ ತಗ್ಗಿಸಿದ. ನನ್ನ ಎದೆ ತುಂಬಿ ಬಂತು. ನಾನು ಮಾಡಿದ ಎಡವಟ್ಟನ್ನು ನಾನೇ ತೊಳೆದೆ ಎಂದುಕೊಂಡೆ, ಮುಖ್ಯಸ್ಥರಿಗೆ ಹೋಗಿ ಏನು ಹೇಳಬೇಕೆಂದೂ ಯೋಚಿಸಿದೆ.

ಆಮೇಲೆ ಅವನ ಕಡೆಯ ವಕೀಲರು ಎದ್ದರು. ಏರುದನಿಯವರಲ್ಲ. ಅಮ್ಮಾ ಎಂದೇ ಮಾತಾಡಿಸಿದರು.

"ಅಮ್ಮಾ, ಈ ವಿಷಯ ಪೊಲೀಸರಿಗೆ ಬಿಟ್ಟು ಬ್ಯಾರೆ ಯಾರ ಮುಂದಾದ್ರೂ ಹೇಳೀರೇನು?"

"ಹೇಳೀನ್ರಿ. ಮೇಡಮ್ಮನ ಮುಂದ."

"ಯಾವ ಮೇಡಂ?"

ಅಕ್ಕ ತಿರುಗಿ ಹಿಂದಿನ ಬೆಂಚಿನ ಕಡೆ ಬೆರಳು ತೋರಿಸಿದಳು. ಕೋರ್ಟಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು.

"ಅವರು ಬರಕೊಂಡ್ರೇನು?"

"ಬರಕೊಂಡ್ರು. ಫೋನಿನ್ಯಾಗೂ ಹಿಡಕೊಂಡ್ರು. ಸಹಿನೂ ಮಾಡಿಸ್ಕೊಂಡ್ರು."

"ಅವರು ಸರ್ಕಾರದ ನೌಕರರು, ಅಲ್ಲೇನು?"

"ಹೌದ್ರಿ, ಗೊರ್ಮೆಂಟಿನೋರು."

"ಇವತ್ತು ಕೋರ್ಟಿಗೆ ಹೆಂಗ ಬಂದ್ರಿ?"

"ಅವರ ಗಾಡಿ ಮ್ಯಾಲ."

"ನಾಷ್ಟಾ ಆತೇನಮ್ಮಾ?"

"ಅವರ ಮಾಡಿಸಿದ್ರು."

"ಇಲ್ಲಿ ಏನು ಹೇಳಬೇಕಂತ ಅವರು ನಿಮಗ ಹೇಳಿದ್ರೇನು?"

ಸರ್ಕಾರಿ ವಕೀಲರು ಅರ್ಧ ಎದ್ದರು. ಅವರು ಬಾಯಿ ತೆರೆಯುವುದರೊಳಗೆ ಅಕ್ಕ ಉತ್ತರ ಕೊಟ್ಟಾಗಿತ್ತು. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು, ಕೇಳಿದ್ದಕ್ಕೆ ಕೇಳಿದಷ್ಟೂ ಹೇಳಿದಳು.

"ಹೇಳಿದ್ರಿ. ನನ್ನ ಮುಂದ ಹೆಂಗ ಹೇಳಿದ್ರಿ, ಹಂಗ ಹೇಳ್ರಿ ಅಂದ್ರು."

ಆ ವಕೀಲರು ನ್ಯಾಯಾಧೀಶರ ಕಡೆ ನೋಡಿ, ಈ ಉತ್ತರವನ್ನು ದಯವಿಟ್ಟು ದಾಖಲಿಸಿಕೊಳ್ಳಬೇಕು ಎಂದು ಮೆಲ್ಲಗೆ ಕೇಳಿಕೊಂಡರು. ಟೈಪು ಮಾಡುವವರು ಅದನ್ನು ಹಾಗೆಯೇ ಟೈಪು ಮಾಡಿಕೊಂಡರು. ಕೊನೆಗೆ ಅವರು, "ನಿಮ್ಮ ಗಂಡ ಕುಡಿದು ಬಿದ್ದದ್ದು, ಮೇಡಂ ಹೇಳಿಕೊಟ್ಟ ಹಾಗೆ ನೀವು ಸುಳ್ಳು ಹೇಳಾಕತ್ತೀರಿ ಅಂತ ನಾ ಹೇಳ್ತೀನಿ" ಎಂದರು. "ಸುಳ್ಳ್ರಿ" ಎಂದಳು ಅಕ್ಕ, ಗಟ್ಟಿಯಾಗಿ. ಅಲ್ಲಿಗೆ ಮುಗಿಯಿತು.

ಹೊರಗೆ ಬೇವಿನ ಮರದ ಕೆಳಗೆ ಸರ್ಕಾರಿ ವಕೀಲರು ನನ್ನನ್ನು ಪಕ್ಕಕ್ಕೆ ಕರೆದರು. ಬೈಯುತ್ತಾರೆಂದುಕೊಂಡೆ. ಅವರಿಗೆ ಬೈಯುವಷ್ಟು ತ್ರಾಣವೂ ಉಳಿದಿರಲಿಲ್ಲ. "ಬಸ್ಸಿಗೆ ಹತ್ತಿಸಿ ಕಳಿಸಿದ್ರ ಸಾಕಿತ್ತಲ್ರಿ ಮೇಡಂ. ಇಲ್ಲಿ ನಾ ಇದ್ದೆ. ಇರೋಳು ಒಬ್ಬಾಕಿ ಸಾಕ್ಷಿ, ಅದೂ ಗಾಯಗೊಂಡೋನ ಹೆಂಡ್ತಿ. ಈಗ ಹೇಳಿಕೊಟ್ಟ ಸಾಕ್ಷಿ ಅಂತ ಆತು. ನೀವು ಬರಕೊಂಡಿದ್ದನ್ನ ಯಾಕ ಮುಚ್ಚಿಟ್ಟಾರ ಅಂತ ಅವರು ಇನ್ನೂ ಕೇಳ್ತಾರ. ಇದು ಕೈ ಬಿಟ್ಟು ಹೋತು" ಎಂದರು. ಹೆಗಲಿನ ಕರಿ ಕೋಟು ಸರಿಮಾಡಿಕೊಂಡು ಮುಂದಿನ ಕೇಸಿಗೆ ಹೋದರು.

ಅಕ್ಕ ನಳದ ಹತ್ತಿರ ಮುಖ ತೊಳೆದುಕೊಂಡು ಬಂದಳು. ಆಕೆಯ ಮುಖ ಅಷ್ಟು ಗೆಲುವಾಗಿದ್ದದ್ದನ್ನು ನಾನು ನೋಡಿರಲೇ ಇಲ್ಲ. "ಅವನ ಎದುರಿಗೇ ಹೇಳಿದೆ ನೋಡ್ರಿ. ತಲಿ ಕೆಳಗ ಹಾಕಿದ, ನೋಡಿದ್ರೇನು?" ಎಂದಳು. ನೋಡಿದೆ ಎಂದೆ. "ಛಲೋ ಹೇಳಿದ್ನೇನ್ರಿ?" ಎಂದು ಕೇಳಿದಳು. "ಬಾಳ ಛಲೋ ಹೇಳಿದ್ರಿ ಯಕ್ಕಾ" ಎಂದೆ. ಅದು ನಿಜವೇ ಆಗಿತ್ತು, ಅದಕ್ಕೇ ಹೇಳಲು ಅಷ್ಟು ಕಷ್ಟವಾಯಿತು. ಮನೆಗೆ ಬಿಡಲು ಹೋದಾಗ ಅಕ್ಕ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಗಂಡನ ಕಾಲ ಹತ್ತಿರ ಕೂತು ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಅವನು ಅರ್ಧ ಬಾಯಲ್ಲಿ ನಕ್ಕ. ಆ ನಗು ನನ್ನ ಕಡೆಗೂ ತಿರುಗಿತು. ಗಂಡನಿಗೆ ಗೆದ್ದೆವೆಂದು ಹೇಳುತ್ತಿದ್ದವಳನ್ನು ತಡೆದು ನಿಜ ಹೇಳುವ ಧೈರ್ಯ ನನಗಿರಲಿಲ್ಲ. ಕೆಲಸವಿದೆ ಎಂದು ಸುಳ್ಳು ಹೇಳಿ ಎದ್ದುಬಂದೆ.

ಆಫೀಸಿನಲ್ಲಿ ನನಗೊಂದು ನೋಟಿಸು ಬಂತು, ನಾನು ವಿವರಣೆ ಬರೆದುಕೊಟ್ಟೆ. ಮುಂದೆ ಹೀಗೆ ಮಾಡಬಾರದು ಎಂದು ಎಚ್ಚರಿಕೆ ಕೊಟ್ಟು ಬಿಟ್ಟರು. ನನ್ನ ಬಳಿಯಿದ್ದ ಧ್ವನಿಮುದ್ರಣವನ್ನು ಕೋರ್ಟಿಗೆ ಕೊಡಲು ಬಿಡಿ, ಅಕ್ಕ ಮೊದಲಿನಿಂದಲೂ ಒಂದೇ ಮಾತು ಹೇಳಿದ್ದಾಳೆಂದು ಅದರಿಂದ ತಿಳಿಯುತ್ತದೆ ಎಂದು ಮುಖ್ಯಸ್ಥರ ಬೆನ್ನು ಬಿದ್ದೆ. ಅವರು ಮೇಲಕ್ಕೆ ಬರೆದರು. ಒಬ್ಬರದ್ದು ಕೊಟ್ಟರೆ ನಾಳೆ ಎಲ್ಲರದ್ದೂ ಕೇಳುತ್ತಾರೆ, ಮತ್ತೆ ಯಾವ ಸಾಕ್ಷಿಯೂ ನಮ್ಮ ಮುಂದೆ ಬಾಯಿ ಬಿಡುವುದಿಲ್ಲ, ಕೊಡಲಾಗದು ಎಂದು ಉತ್ತರ ಬಂತು. ಇದರಲ್ಲೂ ತಪ್ಪು ಹುಡುಕಲು ನನ್ನಿಂದ ಆಗಲಿಲ್ಲ. ಎಲ್ಲರೂ ಸರಿಯಾಗಿಯೇ ಮಾಡಿದ್ದರು. ಬೈಯಲು ಯಾರಾದರೂ ಸಿಕ್ಕಿದ್ದರೆ ಮನಸಾರೆ ಬೈದು ಸುಮ್ಮನಾಗುತ್ತಿದ್ದೆ. ಯಾರೂ ಸಿಗದೆ ಮನೆಯಲ್ಲಿ ಅತ್ತೆಯ ಮೇಲೆ, ಗ್ಯಾಸಿನ ಒಲೆಯ ಮೇಲೆ, ಬಾರದ ಬಸ್ಸಿನ ಮೇಲೆ ಹರಿಹಾಯ್ದೆ. "ಏನಾಗೇತವ್ವಾ ನಿನಗ, ಯಾರರ ಏನರ ಅಂದ್ರೇನು?" ಎಂದು ಅತ್ತೆ ಒಂದು ದಿನ ಹತ್ತಿರ ಕೂತು ಕೇಳಿದರು. ಯಾರೂ ಏನೂ ಅನ್ನಲಿಲ್ಲ ಅತ್ತಿ, ಅದೇ ನನ್ನ ಕಷ್ಟ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ತೀರ್ಪಿನ ದಿನ ನಾನು ಹೋಗಲಿಲ್ಲ. ಆಫೀಸಿನ ಎಚ್ಚರಿಕೆ ಒಂದು ನೆಪ, ಹೆದರಿಕೆ ನಿಜ. ಅಕ್ಕ ಒಬ್ಬಳೇ ಬಸ್ಸು ಹಿಡಿದು ಹೋಗಿದ್ದಳು. ಮಧ್ಯಾಹ್ನ ಬಳ್ಳಾರಿಯಲ್ಲಿ ಆಫೀಸಿನ ಮೆಟ್ಟಿಲಿಳಿಯುವಾಗ ಫೋನು ಬಂತು. ಹಿಂದೆ ಸಿರುಗುಪ್ಪ ಬಸ್ ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು.

"ಮೇಡಮ್ಮಾ, ಅವನ್ನ ಬಿಟ್ರಂತ್ರಿ."

ನಾನು ಮೆಟ್ಟಿಲ ಮೇಲೆಯೇ ಕೂತೆ.

"ಊರಿನ ಮಂದಿ ಎಲ್ಲಾ ಬಂದಿದ್ರು. ಈಗ ಇವರು ಕುಡದು ಬಿದ್ದಂಗ ಆತಲ್ರಿ. ನಾ ಇದ್ದದ್ದು ಇದ್ದಂಗ ಹೇಳೀನಿ. ಆದ್ರೂ ಯಾಕ ಬಿಟ್ರ್ರಿ? ವಕೀಲರು ಏನೋ ಹೇಳಿದ್ರು, ನನಗ ತಿಳೀಲಿಲ್ಲ. ನೀವು ಅದರಾಗ ಓದಿದೋರು, ನಿಮಗ ಗೊತ್ತಿರತೈತಿ. ಯಾಕ ಬಿಟ್ರು ಹೇಳ್ರಿ" ಎಂದಳು.

ಕಾರಣ ನನಗೆ ಗೊತ್ತಿತ್ತು. ನಮ್ಮ ಮಾತಿನಲ್ಲಿ, ಅಕ್ಕನಿಗೆ ತಿಳಿಯುವ ಹಾಗೆ, ಎರಡು ಸಾಲಿನಲ್ಲಿ ಹೇಳಬಹುದಿತ್ತು.

"ಗೊತ್ತಿಲ್ಲ ಯಕ್ಕಾ" ಎಂದೆ.

"ಇರ್ಲಿ ಬಿಡ್ರಿ. ನಿಮಗ ತಿಳೀಲಿಲ್ಲಂದ್ರ ನನಗೇನು ತಿಳೀತೈತಿ" ಎಂದು ಅಕ್ಕ ನನಗೇ ಸಮಾಧಾನ ಹೇಳಿದಳು. "ನಮ್ಮ ಸಲುವಾಗಿ ಬಾಳ ಓಡ್ಯಾಡಿದ್ರಿ ನೀವು. ಈ ಕಡಿ ಬಂದ್ರ ಮನಿಗೆ ಬರ್ರಿ, ಉಂಡು ಹೋಗೀರಂತ."